ಒಬ್ಬರೇ ನೂರು ಜನವಾದರೆ

ಬೆಂಗಳೂರಿನಲ್ಲಿ ಬಾಹ್ಯಾಕಾಶದ ಬಗ್ಗೆ ಎಲ್ಲೇ ಉಪನ್ಯಾಸ ನಡೆಯಲಿ, ಕೊನೆಯಲ್ಲಿ ಸಭೆಯಿಂದ ಒಂದು ಪ್ರಶ್ನೆ ಬರುವುದುಂಟು. ಮಂಗಳನಲ್ಲಿ ವಸಾಹತು ಕಟ್ಟುವುದಾದರೆ ಸಾವಿರಾರು ಜನರನ್ನು ಹುಡುಕಿ, ತಪಾಸಣೆ ಮಾಡಿ, ತರಬೇತಿ ಕೊಟ್ಟು ಕಳಿಸುವ ತಾಪತ್ರಯ ಯಾಕೆ? ಗಟ್ಟಿ ಆರೋಗ್ಯದ, ಗಟ್ಟಿ ಮನಸ್ಸಿನ ಒಬ್ಬರನ್ನು ಆರಿಸಿಕೊಂಡು ಅವರದೇ ನೂರು ಕ್ಲೋನ್, ಅಂದರೆ ತದ್ರೂಪಿ, ಮಾಡಿಬಿಟ್ಟರೆ ಆಯಿತಲ್ಲ? ಕೇಳುವವರು ಹೆಚ್ಚಾಗಿ ಪಿಯುಸಿ ಮಕ್ಕಳು. ಉತ್ತರಿಸುವವರು ಕೂಡಲೇ ನೀತಿಯ ಕಡೆ ಹೊರಳುತ್ತಾರೆ. ಅಸಲಿ ಯಾರು, ನಕಲು ಯಾರು, ನಕಲಿಗೆ ತನ್ನದೆನ್ನುವ ಮನಸ್ಸು ಇರುತ್ತದೆಯೇ, ಒಬ್ಬ ಸತ್ತರೆ ಇನ್ನೊಬ್ಬನನ್ನು ಅವನ ಜಾಗದಲ್ಲಿ ನಿಲ್ಲಿಸಬಹುದೇ ಎಂಬ ಚರ್ಚೆ ಶುರುವಾಗುತ್ತದೆ.

ಆ ಚರ್ಚೆ ಮುಖ್ಯವಾದದ್ದೇ. ಆದರೆ ಮಗು ಕೇಳಿದ ಪ್ರಶ್ನೆಯಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ, ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ: ಆ ನೂರು ಜನ ಅಲ್ಲಿ ಬದುಕಿ ಉಳಿಯುತ್ತಾರೆಯೇ? ಗುರುತಿನ ಪ್ರಶ್ನೆ, ಉಳಿವಿನ ಪ್ರಶ್ನೆ ಎಂದು ನಾವು ಇವನ್ನು ಬೇರೆ ಬೇರೆ ಕಟ್ಟಿಟ್ಟಿದ್ದೇವೆ. ಜೀವಶಾಸ್ತ್ರದ ಕಡೆಯಿಂದ ನೋಡಿದರೆ ಎರಡೂ ಒಂದೇ. ಈ ನೂರು ದೇಹಗಳ ನಡುವೆ ಎಷ್ಟು ವ್ಯತ್ಯಾಸವಿದೆ ಅನ್ನುವುದೇ ಎರಡಕ್ಕೂ ಮೂಲ. ನೂರು ಬೇರೆ ಬೇರೆ ವ್ಯಕ್ತಿಗಳಾಗಲು ಬೇಕಾದಷ್ಟು ವ್ಯತ್ಯಾಸ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಒಂದು ವೈರಸ್ಸಿನ ಎದುರು ನೂರು ಬೇರೆ ಬೇರೆ ದೇಹಗಳಾಗಿ ನಿಲ್ಲಲು ಬೇಕಾದಷ್ಟು ಹುಟ್ಟುವುದಿಲ್ಲ. ನನ್ನ ವಾದ ಇಷ್ಟೇ. ಇದನ್ನು ನಿಧಾನವಾಗಿ ಬಿಡಿಸಬೇಕಿದೆ.

ಬಾಟಲಿಯೊಳಗಿನ ಬಾಳೆ

ಕ್ಲೋನ್ ಅಂದರೆ ಮುಂದೆಂದೋ ಬರಲಿರುವ ಸಂಗತಿ ಅಂದುಕೊಳ್ಳಬೇಕಿಲ್ಲ. ಬೆಂಗಳೂರಿನ ಸುತ್ತ ಟಿಶ್ಯೂ ಕಲ್ಚರ್ ಲ್ಯಾಬುಗಳು ಬೇಕಾದಷ್ಟಿವೆ. ಅಲ್ಲಿ ದಿನವೂ ತಯಾರಾಗುವ ಜಿ-9 ಬಾಳೆ ಸಸಿಗಳೆಲ್ಲ ತದ್ರೂಪಿಗಳೇ. ಕೆಲಸದ ಕ್ರಮ ಹೀಗೆ. ಒಳ್ಳೆಯ ಗೊನೆ ಬಿಟ್ಟ, ವೈರಸ್ ಪರೀಕ್ಷೆಯಲ್ಲಿ ಪಾಸಾದ ತಾಯಿಗಿಡದ ಬುಡದಿಂದ ಕತ್ತಿಯಂಥ ಕಿರಿದಾದ ಎಲೆಯ ಕಂದನ್ನು ಅಗೆದು ತರುತ್ತಾರೆ. ಹೊರಗಿನ ಪೊರೆಗಳನ್ನು ಒಂದೊಂದಾಗಿ ಸುಲಿದು, ರಾಸಾಯನಿಕದಲ್ಲಿ ಅದ್ದಿ ತೊಳೆದು, ಒಳಗಿನ ಬೆಳ್ಳನೆಯ ಸುಳಿಯನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಅದನ್ನು ಇಡುವ ಆಹಾರದಲ್ಲಿ ಲೀಟರಿಗೆ 30 ಗ್ರಾಂ ಸಕ್ಕರೆ, 7-8 ಗ್ರಾಂ ಅಗರ್, ಲವಣಗಳು, ವಿಟಮಿನ್, ಚಿಗುರೊಡೆಸುವ ಬಿಎಪಿ ಹಾರ್ಮೋನು ಇರುತ್ತವೆ. ಪಿಎಚ್ 5.8ಕ್ಕೆ ಹೊಂದಿಸಿ, ಬಾಟಲಿಗೆ ತುಂಬಿ ಮುಚ್ಚಳ ಹಾಕಿ, ಒತ್ತಡದ ಆವಿಯ ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ ಬೇಯಿಸಿದ ಮೇಲೆ ಬಾಕಿ ಕೆಲಸವೆಲ್ಲ ಲ್ಯಾಮಿನಾರ್ ಫ್ಲೋ ಎಂಬ ಶುದ್ಧ ಗಾಳಿಯ ಮೇಜಿನ ಮುಂದೆ.

ಅಲ್ಲಿ ಕೂತಿರುವವರು ಬಹುತೇಕ ಹೆಣ್ಣುಮಕ್ಕಳು. ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಎದುರಿಗೆ ಸದಾ ಬೀಸುವ ಸೋಸಿದ ಗಾಳಿ. ಎಡಗೈಯ ಚಿಮಟದಿಂದ ಚಿಗುರಿನ ಗೊಂಚಲನ್ನು ಎತ್ತಿ, ಬಲಗೈಯ ಬ್ಲೇಡಿನಿಂದ ಮೂರೋ ನಾಲ್ಕೋ ತುಂಡು ಮಾಡಿ, ಹೊಸ ಬಾಟಲಿಯಲ್ಲಿ ಊರುತ್ತಾರೆ. ಪ್ರತಿ ಬಾಟಲಿಗೂ ಮುಂಚೆ ಚಿಮಟ, ಬ್ಲೇಡು ಎರಡನ್ನೂ ಕಾದ ಗಾಜಿನ ಮಣಿಗಳ ಡಬ್ಬಿಯಲ್ಲಿ ಚುಚ್ಚಿ ತೆಗೆಯಬೇಕು. ಬಾಟಲಿಗಳು ಟ್ಯೂಬ್‌ಲೈಟ್ ಕೆಳಗೆ 25 ಡಿಗ್ರಿಯಲ್ಲಿ, ದಿನಕ್ಕೆ 16 ಗಂಟೆ ಬೆಳಕಿನಲ್ಲಿ ಇರುತ್ತವೆ. ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ ಕತ್ತರಿಸಬೇಕು. ಒಂದು ಮೂರಾಗುತ್ತಾ ಎಂಟು ಸುತ್ತು ಹೋದರೆ ಒಂದೇ ಸುಳಿಯಿಂದ 6,561 ಗಿಡ.

ಎಡವಟ್ಟಾಗುವುದು ಎಲ್ಲಿ ಅನ್ನುವುದು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ಬೂಸ್ಟು ಮೇಲ್ಮೈಯಲ್ಲಿ ಹತ್ತಿಯಂತೆ ಕಂಡರೆ ಕೈಯಿಂದ ಬಂದದ್ದು, ಗೊತ್ತಾದ ಕೂಡಲೇ ಬಾಟಲಿ ಎಸೆಯಬಹುದು. ಬುಡದ ಸುತ್ತ ಹಾಲಿನಂಥ ಮಸುಕು ಮೆಲ್ಲಗೆ ಹರಡಿದರೆ ಅದು ಕಂದಿನೊಳಗೇ ಅಡಗಿದ್ದ ಬ್ಯಾಕ್ಟೀರಿಯ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಅದೇ ಸಾಲಿನ ನೂರಾರು ಬಾಟಲಿಗೆ ಹಂಚಿಹೋಗಿರುತ್ತದೆ. ಇನ್ನೊಂದು ತೊಂದರೆ, ತದ್ರೂಪಿಗಳು ತದ್ರೂಪಿಗಳಾಗಿ ಉಳಿಯದಿರುವುದು. ಹಾರ್ಮೋನು ಹೆಚ್ಚಾದರೆ, ಸುತ್ತುಗಳು ಹೆಚ್ಚಾದರೆ ಗಿಡ್ಡ ಗಿಡ, ಪಟ್ಟೆ ಎಲೆಯ ಗಿಡ ಕಾಣಿಸಿಕೊಳ್ಳುತ್ತವೆ. ಅದಕ್ಕೇ ಎಂಟು ಸುತ್ತಿನ ಆಚೆ ಹೋಗಬಾರದು ಅನ್ನುವುದು ಈ ಕೆಲಸದವರ ನಿಯಮ. ಕೋಕೋಪೀಟ್ ತುಂಬಿದ ಟ್ರೇಗಳಲ್ಲಿ ಸಸಿಯನ್ನು ಹದಗೊಳಿಸುವಾಗ ಇಂಥವನ್ನು ಕಣ್ಣಳತೆಯಲ್ಲೇ ಆರಿಸಿ ಕಿತ್ತು ಹಾಕುತ್ತಾರೆ. ಲ್ಯಾಬಿನವರಿಗೆ ವ್ಯತ್ಯಾಸ ಅಂದರೆ ದೋಷ. ರೈತ ದುಡ್ಡು ಕೊಡುವುದೇ ಏಕರೂಪಕ್ಕೆ: ಒಂದೇ ದಿನ ನೆಟ್ಟ ತೋಟ ಒಂದೇ ವಾರದಲ್ಲಿ ಕಟಾವಿಗೆ ಬರಬೇಕು.

ಆ ಏಕರೂಪಕ್ಕೆ ತೆರಬೇಕಾದ ಬೆಲೆ ನಂಜನಗೂಡಿನವರಿಗೆ ಚೆನ್ನಾಗಿ ಗೊತ್ತು. ಬೀಜವಿಲ್ಲದ ಬಾಳೆ ಕಂದಿನಿಂದ ಕಂದಿಗೆ ನಡೆದುಬಂದ ಬೆಳೆ. ರಸಬಾಳೆ ತೋಟಗಳು ಲ್ಯಾಬ್ ಬರುವ ಮುಂಚೆಯೂ ತದ್ರೂಪಿ ತೋಟಗಳೇ. ಅವನ್ನು ಕೆಡಿಸಿದ ಪನಾಮಾ ಸೊರಗು ರೋಗದ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರೇರುವ ನಾಳಗಳನ್ನು ಕಟ್ಟಿಹಾಕುತ್ತದೆ. ಮೊದಲು ಕೆಳಗಿನ ಹಳೆಯ ಎಲೆಗಳ ಅಂಚು ಹಳದಿಯಾಗುತ್ತದೆ, ಆಮೇಲೆ ಎಲೆಗಳ ತೊಟ್ಟು ಮುರಿದು ದಿಂಡಿನ ಸುತ್ತ ಜೋತುಬೀಳುತ್ತವೆ, ದಿಂಡು ಉದ್ದಕ್ಕೆ ಸೀಳುತ್ತದೆ. ಗೆಡ್ಡೆ ಕೊಯ್ದು ನೋಡಿದರೆ ಕೆಂಗಂದು ಚುಕ್ಕೆ, ಉಂಗುರ. ಮಣ್ಣಿನಲ್ಲಿ ಆ ಶಿಲೀಂಧ್ರದ ಬೀಜಕಣಗಳು ದಶಕಗಟ್ಟಲೆ ಜೀವ ಹಿಡಿದಿರುತ್ತವೆ. ಲ್ಯಾಬಿನಿಂದ ಶುದ್ಧ ಸಸಿ ತಂದು ಅದೇ ಮಣ್ಣಿಗೆ ನೆಟ್ಟರೂ ಕತೆ ಅಷ್ಟೇ. ಒಂದು ಗಿಡ ಸೋಲುವ ರೋಗಕ್ಕೆ ಪಕ್ಕದ ಗಿಡವೂ ಸೋಲುತ್ತದೆ, ಯಾಕೆಂದರೆ ಪಕ್ಕದ್ದು ಬೇರೆ ಗಿಡವೇ ಅಲ್ಲ. ಪ್ರಪಂಚದ ಪೇಟೆಯನ್ನು ಆಳುತ್ತಿದ್ದ ಗ್ರೋ ಮಿಷೆಲ್ ಬಾಳೆ ಇದೇ ರೋಗಕ್ಕೆ ತುತ್ತಾದ ಮೇಲೆ 1960ರ ದಶಕದ ಹೊತ್ತಿಗೆ ಅದರ ಜಾಗಕ್ಕೆ ಕ್ಯಾವೆಂಡಿಶ್, ಅಂದರೆ ನಮ್ಮ ಪಚ್ಚಬಾಳೆಯ ಬಳಗ ಬಂತು. ಈಗ ಅದನ್ನೂ ಬೀಳಿಸುವ, ಅದೇ ಶಿಲೀಂಧ್ರದ ಟಿಆರ್-4 ಎಂಬ ತಳಿ ಬಿಹಾರ, ಉತ್ತರ ಪ್ರದೇಶದ ತೋಟಗಳವರೆಗೆ ಬಂದಿದೆ.

ವಸಾಹತಿನ ನೂರು ತದ್ರೂಪಿಗಳ ಬಗ್ಗೆ ಯೋಚಿಸುವಾಗ ನನ್ನ ಮುಂದೆ ಬರುವುದು ಈ ತೋಟ.

ನೂರು ಮಕ್ಕಳಿಗೆ ಎಷ್ಟು ತಾಯಂದಿರು?

ಮೊದಲು ತದ್ರೂಪಿಗಳನ್ನು ಹುಟ್ಟಿಸುವ ಮಾತು. 1996ರ ಜುಲೈ 5ರಂದು ಎಡಿನ್‌ಬರೋ ಬಳಿಯ ರಾಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿದ ಡಾಲಿ ಕುರಿಯ ಹಿಂದೆ 277 ಪ್ರಯತ್ನಗಳಿದ್ದವು. ಆರು ವರ್ಷದ ಕುರಿಯೊಂದರ ಕೆಚ್ಚಲಿನ ಕೋಶ ತೆಗೆದುಕೊಂಡು, ಅದಕ್ಕೆ ಪೋಷಣೆ ಕಡಿಮೆ ಮಾಡಿ ವಿಭಜನೆ ನಿಲ್ಲಿಸಿ, ನ್ಯೂಕ್ಲಿಯಸ್ ಕಿತ್ತ ಅಂಡಾಣುವಿನ ಜೊತೆ ವಿದ್ಯುತ್ ಮಿಡಿತ ಕೊಟ್ಟು ಬೆಸೆದರು. 277ರಲ್ಲಿ ಬೆಳೆದ ಭ್ರೂಣ 29, ಅವನ್ನು ಹೊತ್ತ ಕುರಿ 13, ಹುಟ್ಟಿದ್ದು ಒಂದು. ನಮ್ಮ ದೇಶದಲ್ಲಿ ಕರ್ನಾಲಿನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯವರು 2009ರಲ್ಲಿ ಎಮ್ಮೆಗರುವನ್ನು ತದ್ರೂಪಿಯಾಗಿ ಹುಟ್ಟಿಸಿದರು. ದುಬಾರಿ ಯಂತ್ರದ ಬದಲು ಅಂಡಾಣುವಿನ ಹೊರಪೊರೆಯನ್ನು ಕಿಣ್ವದಿಂದ ಕರಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಬ್ಲೇಡಿನಿಂದ ಕೈಯಲ್ಲೇ ಕೊಯ್ಯುವ ವಿಧಾನ ಅವರದು. ಮೊದಲ ಕರು ಕೆಲವೇ ದಿನ ಬದುಕಿತು. ಆ ವರ್ಷವೇ ಹುಟ್ಟಿದ ಎರಡನೆಯದು ಗರಿಮಾ.

ಮನುಷ್ಯನಿಗೆ ಹತ್ತಿರದ ಲೆಕ್ಕ ಬೇಕಾದರೆ ಶಾಂಘೈನ ಮಂಗಗಳನ್ನು ನೋಡಬೇಕು. 2018ರ ಜನವರಿಯಲ್ಲಿ ವರದಿಯಾದ ಝೋಂಗ್ ಝೋಂಗ್ ಮತ್ತು ಹುವಾ ಹುವಾ ಎಂಬ ಎರಡು ಮರಿಗಳಿಗಾಗಿ 79 ಭ್ರೂಣಗಳನ್ನು 21 ಬಾಡಿಗೆ ತಾಯಂದಿರಲ್ಲಿ ಇಟ್ಟಿದ್ದರು. ಅದೂ ಭ್ರೂಣಾವಸ್ಥೆಯ ಕೋಶಗಳಿಂದ. ಬೆಳೆದ ಮಂಗದ ಕೋಶದಿಂದ ಹುಟ್ಟಿದವು ಉಳಿಯಲಿಲ್ಲ. ತೊಡಕು ಇರುವುದು ಡಿಎನ್‌ಎಯ ಅಕ್ಷರಗಳಲ್ಲಿ ಅಲ್ಲ, ಅದರ ಮೇಲಿನ ಗುರುತುಗಳಲ್ಲಿ. ಚರ್ಮದ ಕೋಶ ‘ನಾನು ಚರ್ಮ’ ಎಂದು ಸಾವಿರಾರು ಜೀನುಗಳಿಗೆ ಬೀಗ ಹಾಕಿಕೊಂಡಿರುತ್ತದೆ. ಅಂಡಾಣು ಕೆಲವೇ ಗಂಟೆಗಳಲ್ಲಿ ಆ ಬೀಗಗಳನ್ನೆಲ್ಲ ಬಿಚ್ಚಬೇಕು. ಬಿಚ್ಚದೆ ಉಳಿದದ್ದೇ ಆಮೇಲೆ ಕೆಟ್ಟ ಮಾಸು, ಅತಿ ದೊಡ್ಡ ಮರಿ, ಉಸಿರಾಡಲಾಗದ ಶ್ವಾಸಕೋಶವಾಗಿ ಕಾಣಿಸಿಕೊಳ್ಳುತ್ತದೆ. ಮಂಗದ ಪ್ರಯೋಗ ಗೆದ್ದದ್ದು ಬೀಗ ಬಿಚ್ಚುವ ಕೆಡಿಎಂ4ಡಿ ಎಂಬ ಕಿಣ್ವದ ಆರ್‌ಎನ್‌ಎ ಮತ್ತು ಟ್ರೈಕೋಸ್ಟಾಟಿನ್-ಎ ಎಂಬ ರಾಸಾಯನಿಕ ಸೇರಿಸಿದ್ದರಿಂದ.

ಆ ಮಂಗಗಳ ದರದಲ್ಲೇ ಮನುಷ್ಯರಲ್ಲೂ ಆಗುತ್ತದೆ ಅಂತಿಟ್ಟುಕೊಳ್ಳಿ. ನೂರು ಮಕ್ಕಳಿಗೆ 3,950 ಭ್ರೂಣ, 1,050 ಗರ್ಭ ಬೇಕು. ಒಂದು ಐವಿಎಫ್ ಸರದಿಗೆ ಸುಮಾರು ಹತ್ತು ಅಂಡಾಣು ಸಿಗುತ್ತದೆ, ಸಿಕ್ಕಿದ್ದೆಲ್ಲ ಭ್ರೂಣವಾಗುವುದಿಲ್ಲ; ಅಂದರೆ 400ಕ್ಕೂ ಹೆಚ್ಚು ಸಲ ಹೆಣ್ಣುಮಕ್ಕಳಿಗೆ ಹಾರ್ಮೋನು ಚುಚ್ಚಿ ಅಂಡಾಶಯಕ್ಕೆ ಸೂಜಿ ಹಾಕಬೇಕು. ‘ಒಬ್ಬರನ್ನು ಆರಿಸಿ ನೂರು ಮಾಡಿಬಿಡುವುದು’ ಎಂಬ ಮಾತಿನಲ್ಲಿ ಈ ಸಾವಿರ ಹೆಂಗಸರ ಲೆಕ್ಕವೇ ಇರುವುದಿಲ್ಲ. ಗರ್ಭಪಾತ, ಸತ್ತು ಹುಟ್ಟುವ ಶಿಶು, ಮಾಸಿನ ತೊಂದರೆಯಿಂದ ರಕ್ತಸ್ರಾವ, ಎಲ್ಲವೂ ಅವರ ದೇಹದ ಮೇಲೆ. ಮಕ್ಕಳನ್ನು ಹುಟ್ಟಿಸುವ ಕ್ಲೋನಿಂಗನ್ನು ನಮ್ಮ ಐಸಿಎಂಆರ್ ಮಾರ್ಗಸೂಚಿ ನಿಷೇಧಿಸಿರುವುದಕ್ಕೆ ಬೇರೇನೂ ಕಾರಣ ಇಲ್ಲದಿದ್ದರೂ ಈ ಒಂದು ಲೆಕ್ಕ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಇದೆಲ್ಲ ಭೂಮಿಯ ಮೇಲಿನ ಮಾತು. ಮಂಗಳನ ಗುರುತ್ವ ನಮ್ಮದರ ಶೇ 38. ಅಷ್ಟರಲ್ಲಿ ಯಾವ ಸಸ್ತನಿಯೂ ಗರ್ಭ ಹೊತ್ತು ಹೆತ್ತಿಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ ಇಲಿಯ ಭ್ರೂಣಗಳು ಮೊದಲ ಕೆಲವು ದಿನ ಬೆಳೆದದ್ದು 2023ರಲ್ಲಿ ವರದಿಯಾಯಿತು, ಅಲ್ಲಿಂದ ಹೆರಿಗೆಯವರೆಗಿನ ದಾರಿ ಇನ್ನೂ ನಡೆದದ್ದಲ್ಲ. ಇನ್ನೊಂದು ಸಣ್ಣ ಸಂಗತಿ: ಗಂಡಸೊಬ್ಬನ ನೂರು ತದ್ರೂಪಿಗಳು ಒಂದೇ ತಲೆಮಾರಿಗೆ ಮುಗಿಯುತ್ತಾರೆ. ಅವರಲ್ಲಿ ಅಂಡಾಣುವೂ ಇಲ್ಲ, ಗರ್ಭವೂ ಇಲ್ಲ. ಹೆಂಗಸೊಬ್ಬಳ ತದ್ರೂಪಿಗಳಾದರೆ ಸಿದ್ಧಾಂತದಲ್ಲಾದರೂ ಮುಂದುವರಿಯಬಹುದು. ಜಪಾನಿನಲ್ಲಿ ಇಲಿಯನ್ನು ಕ್ಲೋನಿನ ಕ್ಲೋನಿನ ಕ್ಲೋನು ಎಂದು 25 ತಲೆಮಾರು ಮುಂದುವರಿಸಿ 2013ರಲ್ಲಿ ತೋರಿಸಿದ್ದಾರೆ.

ಬಾಗಿಲು ಯಾರಿಗೆ ತೆರೆಯಬೇಕು?

ಇನ್ನು ಗುರುತು. ವಸಾಹತಿನ ಗಾಳಿತಡೆ ಬಾಗಿಲು, ಔಷಧಿ ಕಪಾಟು, ಆಮ್ಲಜನಕದ ನಿಯಂತ್ರಣ ಕೊಠಡಿ ಯಾರಿಗೆ ತೆರೆಯಬೇಕು, ಯಾರಿಗೆ ಬಾರದು ಅನ್ನುವುದು ಅಲ್ಲಿಯ ದಿನನಿತ್ಯದ ಪ್ರಶ್ನೆ. ಮುಖ ನೋಡಿ ತೆರೆಯುವ ಯಂತ್ರ ನೂರು ಜನರಿಗೂ ತೆರೆದುಬಿಡುತ್ತದೆ. ಡಿಎನ್‌ಎ ಪರೀಕ್ಷೆಯೂ ಸಾಮಾನ್ಯ ವಿಧಾನದಲ್ಲಿ ಕೈಕೊಡುತ್ತದೆ: 2009ರಲ್ಲಿ ಬರ್ಲಿನ್ನಿನ ದೊಡ್ಡ ಮಳಿಗೆಯೊಂದರ ಆಭರಣ ಕಳವಿನಲ್ಲಿ ಸಿಕ್ಕ ಡಿಎನ್‌ಎ ಅವಳಿ ಸೋದರರಲ್ಲಿ ಯಾರದೆಂದು ಹೇಳಲಾಗದೆ ಇಬ್ಬರನ್ನೂ ಬಿಡಬೇಕಾಯಿತು. ಆದರೆ ಕಣ್ಣಿನ ಪಾಪೆಯ ಸುತ್ತಲ ಐರಿಸ್ ಇದೆಯಲ್ಲ, ಅದರ ಎಳೆಗಳು ಗರ್ಭದಲ್ಲಿ ಹೆಣೆದುಕೊಳ್ಳುವ ರೀತಿ ಬಹುಪಾಲು ಆಕಸ್ಮಿಕ. ಅವಳಿಗಳ ಐರಿಸ್‌ಗಳು ಅಪರಿಚಿತರ ಐರಿಸ್‌ಗಳಷ್ಟೇ ಬೇರೆ. ಅದಕ್ಕಿಂತ ಹೆಚ್ಚಾಗಿ ಒಬ್ಬರದೇ ಎಡಗಣ್ಣು ಬಲಗಣ್ಣುಗಳೂ ಬೇರೆ ಬೇರೆ. ಬೆರಳಚ್ಚೂ ಅವಳಿಗಳಲ್ಲಿ ಒಂದೇ ಆಗಿರುವುದಿಲ್ಲ. ಆಧಾರ್ ನೋಂದಣಿಯಲ್ಲಿ ಹತ್ತು ಬೆರಳು, ಎರಡು ಐರಿಸ್ ತೆಗೆದುಕೊಳ್ಳುವುದರಿಂದ ಒಂದೇ ಮುಖದ ಅವಳಿಗಳಿಗೂ ಬೇರೆ ಬೇರೆ ಸಂಖ್ಯೆ ಸಿಗುತ್ತದೆ. ವಸಾಹತಿನ ಬಾಗಿಲಿಗೂ ಇದೇ ಸಾಕು. ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬೇರೆ ದಾರಿ ನೋಡಬೇಕು. ಆಧಾರ್‌ನಲ್ಲೂ ಆ ವಯಸ್ಸಿಗೆ ಬಯೋಮೆಟ್ರಿಕ್ ಇಲ್ಲ. ಒಂದೇ ಮುಖದ ಹತ್ತು ಕೂಸುಗಳ ತೊಟ್ಟಿಲುಕೋಣೆಯಲ್ಲಿ ಕಾಲಿಗೆ ಕಟ್ಟುವ ಪಟ್ಟಿ ಅದಲುಬದಲಾದರೆ ಲಸಿಕೆ, ಔಷಧಿಯ ದಾಖಲೆಯೆಲ್ಲ ಅದಲುಬದಲು.

ದೇಹದ ಒಳಗಿನ ವ್ಯತ್ಯಾಸ ಇನ್ನೂ ಆಳದ್ದು. ತದ್ರೂಪಿಗೆ ನ್ಯೂಕ್ಲಿಯಸ್ ಬರುವುದು ಮೂಲವ್ಯಕ್ತಿಯಿಂದ, ಮೈಟೊಕಾಂಡ್ರಿಯ ಬರುವುದು ಅಂಡಾಣು ಕೊಟ್ಟವಳಿಂದ. ಅದರ ಡಿಎನ್‌ಎ ಚಿಕ್ಕದು, 16,569 ಅಕ್ಷರ, 37 ಜೀನು. ಆದರೆ ಕೋಶಕ್ಕೆ ಶಕ್ತಿ ಒದಗಿಸುವ ವ್ಯವಸ್ಥೆಯ ಭಾಗ ಅದು. ನಾಲ್ಕುನೂರು ಸರದಿಗಳಲ್ಲಿ ಬೇರೆ ಬೇರೆ ಹೆಂಗಸರ ಅಂಡಾಣು ಬಳಸಿದರೆ ನೂರು ತದ್ರೂಪಿಗಳಿಗೆ ಹತ್ತಾರು ತಾಯಿಬೇರು. ಹೆಣ್ಣಾದರೆ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಪ್ರತಿ ಕೋಶ ಯಾವುದನ್ನು ಮುಚ್ಚುತ್ತದೆ ಅನ್ನುವುದೂ ಅದೃಷ್ಟದಾಟ. 2001ರ ಡಿಸೆಂಬರಿನಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದ ಸಿಸಿ ಎಂಬ ಬೆಕ್ಕು ಇದಕ್ಕೆ ಕಣ್ಣೆದುರಿನ ಸಾಕ್ಷಿ. ಅದರ ಮೂಲಬೆಕ್ಕು ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣದ್ದು. ಸಿಸಿಯ ಮೈಮೇಲೆ ಕಿತ್ತಳೆ ಇರಲೇ ಇಲ್ಲ, ಯಾಕೆಂದರೆ ಕೋಶ ಕೊಟ್ಟ ಗಳಿಗೆಯಲ್ಲೇ ಕಿತ್ತಳೆಯ ಜೀನಿದ್ದ ಎಕ್ಸ್ ಮುಚ್ಚಿಹೋಗಿತ್ತು. ಮುದ್ದಿನ ಬೆಕ್ಕನ್ನು ಮರಳಿ ಪಡೆಯುವ ಆಸೆ ಇದ್ದವರಿಗೆ ಸಿಗುವುದು ಬೇರೆಯೇ ಬೆಕ್ಕು. ಅವಳಿಗಳಲ್ಲಿ ಕೂಡ ಭ್ರೂಣದ ಮೊದಲ ದಿನಗಳಲ್ಲೇ ಸರಾಸರಿ 5.2 ರೂಪಾಂತರಗಳು ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುತ್ತವೆ ಎಂದು ಐಸ್‌ಲ್ಯಾಂಡಿನ ಸಂಶೋಧಕರು 2021ರಲ್ಲಿ ಎಣಿಸಿ ಹೇಳಿದರು.

ಒಂದೇ ಜೀನಿನ ಇಬ್ಬರನ್ನು ಬಾಹ್ಯಾಕಾಶ ಏನು ಮಾಡುತ್ತದೆ ಎಂಬುದಕ್ಕೂ ಉತ್ತರ ಇದೆ. ನಾಸಾದ ಗಗನಯಾತ್ರಿ ಸ್ಕಾಟ್ ಕೆಲ್ಲಿ 2015-16ರಲ್ಲಿ 340 ದಿನ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಅವಳಿ ಸೋದರ ಮಾರ್ಕ್ ಭೂಮಿಯಲ್ಲಿದ್ದರು. ಇಬ್ಬರ ರಕ್ತ, ಮೂತ್ರ, ಕಣ್ಣು, ಬುದ್ಧಿಶಕ್ತಿ ಎಲ್ಲವನ್ನೂ ತಾಳೆ ನೋಡಿ 2019ರಲ್ಲಿ ವರದಿ ಬಂತು. ಸ್ಕಾಟ್ ಅವರ ಟೆಲೊಮಿಯರ್‌ಗಳು, ಅಂದರೆ ಕ್ರೋಮೋಸೋಮ್ ತುದಿಯ ರಕ್ಷಣೆಯ ತುಣುಕುಗಳು, ಮೇಲಿದ್ದಾಗ ಉದ್ದವಾಗಿ, ಇಳಿದ ಮೇಲೆ ಬೇಗನೆ ಕುಗ್ಗಿದವು. ಜೀನುಗಳ ಚಟುವಟಿಕೆ ಬದಲಾಗಿ, ಹೆಚ್ಚಿನವು ಮೊದಲಿನ ಸ್ಥಿತಿಗೆ ಮರಳಿ, ಕೆಲವು ಮರಳದೇ ಉಳಿದವು. ಒಂದೇ ವರ್ಷದಲ್ಲಿ ಇಷ್ಟು. ವಸಾಹತಿನಲ್ಲಿ ಒಬ್ಬಳು ಹೊರಗೆ ಸೋಲಾರ್ ಫಲಕ ಒರೆಸುವವಳು, ಇನ್ನೊಬ್ಬಳು ಒಳಗೆ ಪಾಚಿ ತೊಟ್ಟಿ ನೋಡಿಕೊಳ್ಳುವವಳು ಆದರೆ, ನಲವತ್ತು ವರ್ಷಕ್ಕೆ ಇಬ್ಬರ ದೇಹದ ಚರಿತ್ರೆ ತೀರಾ ಬೇರೆ. ಅದಕ್ಕೆ ನೆನಪು, ಮಾತು, ಸ್ನೇಹ, ಜಗಳ ಸೇರಿಸಿಕೊಳ್ಳಿ. ತದ್ರೂಪಿ ಹುಟ್ಟುವುದು ಕೂಸಾಗಿ. ಮೂಲವ್ಯಕ್ತಿಯ ಒಂದು ನೆನಪೂ ಅದಕ್ಕೆ ದಾಟುವುದಿಲ್ಲ.

ಹಾಗಾದರೆ ಗುರುತಿನ ಕಷ್ಟವೇ ಇಲ್ಲವೇ? ಇದೆ, ಆದರೆ ಅದು ‘ನಾನು ಯಾರು’ ಎಂದು ಕನ್ನಡಿ ಮುಂದೆ ನಿಂತು ಕೇಳುವ ಕಷ್ಟವಲ್ಲ. ಹಿರಿಯ ತದ್ರೂಪಿಯ ಮೆಡಿಕಲ್ ಫೈಲೇ ಕಿರಿಯಳ ಜಾತಕವಾಗಿಬಿಡುತ್ತದೆ. ಐವತ್ತೆರಡಕ್ಕೆ ಹಿರಿಯಳಿಗೆ ಮರೆವಿನ ರೋಗ ಶುರುವಾದರೆ, ಇಪ್ಪತ್ತರ ಹುಡುಗಿಗೆ ಅವತ್ತೇ ಸುದ್ದಿ ತಲುಪಿತು. ಹಿರಿಯಳು ಒಳ್ಳೆಯ ವೆಲ್ಡರ್ ಆಗಿದ್ದರೆ, ಸಂಗೀತದ ಕಡೆ ಒಲವಿರುವ ಕಿರಿಯಳನ್ನು ವರ್ಕ್‌ಶಾಪಿಗೆ ತಳ್ಳಲು ಇಡೀ ವಸಾಹತಿಗೆ ಒಂದು ನೆಪ ಸಿಕ್ಕಿತು. ನಮ್ಮ ಮನೆಗಳಲ್ಲಿ ಅಪ್ಪನಂತೆ ಮಗ ಎಂದು ಹೇಳಿ ಹೇಳಿಯೇ ಎಷ್ಟು ಮಕ್ಕಳ ದಾರಿ ಮುಚ್ಚಿದ್ದೇವೆ. ಅಲ್ಲಿ ಅದಕ್ಕೆ ವಿಜ್ಞಾನದ ಮುದ್ರೆ ಬೇರೆ ಬೀಳುತ್ತದೆ.

ಒಂದೇ ಔಷಧಿ, ಒಂದೇ ರೋಗ

ಉಳಿವಿನ ಕಡೆ ಬಂದರೆ ತದ್ರೂಪಿಗಳಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಮುಚ್ಚಿಡಬಾರದು. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಮಾಡಿದ ಮೂತ್ರಪಿಂಡ ಕಸಿ ಯಶಸ್ವಿಯಾದದ್ದು ಕೊಟ್ಟವರು, ಪಡೆದವರು ಅವಳಿ ಸೋದರರಾಗಿದ್ದರಿಂದ. ವಸಾಹತಿನಲ್ಲಿ ನೂರು ಜನರಲ್ಲಿ ಯಾರ ರಕ್ತವಾದರೂ ಯಾರಿಗಾದರೂ ಹೊಂದುತ್ತದೆ, ಮೂತ್ರಪಿಂಡವೂ ಅಸ್ಥಿಮಜ್ಜೆಯೂ ಹೆಚ್ಚುಕಡಿಮೆ ಹೊಂದುತ್ತವೆ. ಅಂಡಾಣು ಬೇರೆಯವರದಾದರೆ ಮೈಟೊಕಾಂಡ್ರಿಯದ ಪ್ರೋಟೀನುಗಳಿಗೆ ಸಣ್ಣ ತಕರಾರು ಬರಬಹುದು, ಅಷ್ಟೇ. ಭೂಮಿಯಿಂದ ಔಷಧಿ ತರಿಸಲು 26 ತಿಂಗಳಿಗೊಮ್ಮೆ ಬರುವ ಉಡಾವಣೆಯ ಅವಕಾಶಕ್ಕೆ ಕಾಯಬೇಕಾದ ಕಡೆ ಇದು ಸಣ್ಣ ವರವಲ್ಲ.

ಆದರೆ ಕಸಿಯನ್ನು ದೇಹ ಒಪ್ಪುತ್ತದೆಯೇ ಎಂದು ತೀರ್ಮಾನಿಸುವ ಎಚ್‌ಎಲ್‌ಎ ಎಂಬ ಜೀನುಗಳೇ ರೋಗಾಣುವಿನ ತುಣುಕುಗಳನ್ನು ಹಿಡಿದು ಸೈನಿಕ ಕೋಶಗಳಿಗೆ ತೋರಿಸುವವು. ಬೆಂಗಳೂರಿನ ಒಂದು ಬಿಎಂಟಿಸಿ ಬಸ್ಸಿನಲ್ಲಿ ನಿಂತ ಅರವತ್ತು ಜನರಲ್ಲಿ ಹೆಚ್ಚುಕಡಿಮೆ ಅರವತ್ತು ಬಗೆಯ ಎಚ್‌ಎಲ್‌ಎ ಜೋಡಣೆ ಇರುತ್ತದೆ. ಹೊಸ ವೈರಸ್ ಒಬ್ಬರ ಕಣ್ಣು ತಪ್ಪಿಸಿದರೆ ಇನ್ನೊಬ್ಬರಲ್ಲಿ ಸಿಕ್ಕಿಬೀಳುತ್ತದೆ. ನೂರು ತದ್ರೂಪಿಗಳಲ್ಲಿ ಜೋಡಣೆ ಒಂದೇ. ಒಬ್ಬರನ್ನು ದಾಟುವ ರೂಪ ಪಡೆದ ವೈರಸ್ ನೂರು ಜನರನ್ನೂ ದಾಟಿತು. ಹೊರಗಿನಿಂದ ವೈರಸ್ ಬರಲಾರದು ಎನ್ನುವವರು ಇದ್ದಾರೆ. ಅದು ಬರಬೇಕಾಗಿಯೇ ಇಲ್ಲ, ನಮ್ಮೊಳಗೇ ಇದೆ. ಗಗನಯಾತ್ರಿಗಳಲ್ಲಿ ಸರ್ಪಸುತ್ತಿನ ವೈರಸ್, ಎಪ್‌ಸ್ಟೀನ್-ಬಾರ್ ವೈರಸ್ ಮತ್ತೆ ಎಚ್ಚರಗೊಂಡು ಎಂಜಲಿನಲ್ಲಿ ಕಾಣಿಸಿಕೊಳ್ಳುವುದು ಮತ್ತೆ ಮತ್ತೆ ದಾಖಲಾಗಿದೆ. ಡಾಲಿ ಕೂಡ 2003ರಲ್ಲಿ ಸಾಯಬೇಕಾಗಿ ಬಂದದ್ದು ಕ್ಲೋನ್ ಆದದ್ದಕ್ಕಲ್ಲ; ಕುರಿಗಳಲ್ಲಿ ಶ್ವಾಸಕೋಶದ ಗೆಡ್ಡೆ ತರುವ, ಒಟ್ಟಿಗೆ ಕೂಡಿಹಾಕಿದ ಕಡೆ ಹರಡುವ ಒಂದು ವೈರಸ್ಸಿನಿಂದ.

ರೋಗಕ್ಕಿಂತ ಹೆಚ್ಚಾಗಿ ಔಷಧಿ ಕಪಾಟು ನನ್ನನ್ನು ಕಾಡುತ್ತದೆ. ಮೂರ್ಛೆ ರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಮಾತ್ರೆ ಎಚ್‌ಎಲ್‌ಎ-ಬಿ 15:02 ಎಂಬ ಜೀನಿನ ರೂಪ ಇರುವವರಲ್ಲಿ ಮೈಚರ್ಮವೇ ಸುಲಿದುಹೋಗುವ ಭೀಕರ ಪ್ರತಿಕ್ರಿಯೆ ತರಬಹುದು. ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಮಲೇರಿಯಾದ ಪ್ರೈಮಾಕ್ವಿನ್ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ನಮ್ಮ ಊರಲ್ಲಿ ಇದು ಆಗೊಬ್ಬರಿಗೆ ಈಗೊಬ್ಬರಿಗೆ ಆಗುವ ಅನಾಹುತ. ತದ್ರೂಪಿಗಳ ವಸಾಹತಿನಲ್ಲಿ ಅರ್ಧ ಕಪಾಟು ಎಲ್ಲರಿಗೂ ಉಪಯೋಗ, ಇನ್ನರ್ಧ ಯಾರಿಗೂ ಇಲ್ಲ ಎಂದಾಗಬಹುದು. ಭಾರವಿಲ್ಲದ ದೀರ್ಘ ಪ್ರಯಾಣದಲ್ಲಿ ಕೆಲವು ಗಗನಯಾತ್ರಿಗಳ ಕಣ್ಣಿನ ನರ ಊದಿಕೊಳ್ಳುತ್ತದೆ, ಕೆಲವರದು ಊದುವುದಿಲ್ಲ. ಆರಿಸಿದ ಒಬ್ಬರು ಊದುವ ಗುಂಪಿನವರಾದರೆ, ಇಳಿಯುವ ಹೊತ್ತಿಗೆ ಫಲಕ ಓದಲು ನಿಚ್ಚಳ ಕಣ್ಣಿನ ಒಬ್ಬರೂ ಇಲ್ಲದಿರಬಹುದು.

ಒಬ್ಬ ಗಂಡಸು, ಒಬ್ಬ ಹೆಂಗಸು, ತಲಾ ಐವತ್ತು ತದ್ರೂಪಿ. ಆಮೇಲೆ ಸಹಜವಾಗಿ ಮದುವೆ ಮಕ್ಕಳು ಅನ್ನುವ ಪರಿಹಾರ ಕೆಲವರು ಹೇಳುತ್ತಾರೆ. ಐವತ್ತು ಸಂಸಾರ, ಐವತ್ತು ಮನೆತನ. ಆದರೆ ಆ ಐವತ್ತು ಮನೆಯ ಮಕ್ಕಳೆಲ್ಲ ಜೀನಿನ ಲೆಕ್ಕದಲ್ಲಿ ಒಡಹುಟ್ಟಿದವರು. ಅಕ್ಕನ ಮಗಳನ್ನು ತರುವ ರೂಢಿ ನಮ್ಮಲ್ಲಿತ್ತು, ಇನ್ನೂ ಕೆಲವು ಕಡೆ ಇದೆ. ಅಲ್ಲಿ ಹುಟ್ಟುವ ಮಗುವಿಗೆ ಒಂದೇ ಪೂರ್ವಜರ ಜೀನು ಎರಡೂ ಕಡೆಯಿಂದ ಬರುವ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆ-ಮಾವನ ಮಕ್ಕಳ ನಡುವೆ ಹದಿನಾರರಲ್ಲಿ ಒಂದು. ವಸಾಹತಿನ ಎರಡನೇ ತಲೆಮಾರಿನಲ್ಲಿ ಯಾರು ಯಾರನ್ನೇ ಮದುವೆಯಾಗಲಿ, ನಾಲ್ಕರಲ್ಲಿ ಒಂದು. ಮೂಲದ ಇಬ್ಬರಲ್ಲಿ ಮರೆಯಲ್ಲಿದ್ದ ಪ್ರತಿ ದೋಷವೂ ಅಲ್ಲಿಂದ ಹೊರಗೆ ಬರಲು ಶುರು. ಒಳಸಂತಾನದ ತಕ್ಷಣದ ಹಾನಿ ತಡೆಯಲು ಕನಿಷ್ಠ 50, ದೀರ್ಘಕಾಲಕ್ಕೆ 500 ಸಂತಾನ ಕೊಡುವವರು ಬೇಕೆಂಬುದು ಸಂರಕ್ಷಣಾ ಜೀವಶಾಸ್ತ್ರದ ಹಳೆಯ ಅಂದಾಜು. ಆ ಲೆಕ್ಕದಲ್ಲಿ ಈ ನೂರು ಜನರ ಬೆಲೆ ಎರಡು.

ಕೋಶಗಳ ಪೆಟ್ಟಿಗೆ

ಇಷ್ಟಾದರೂ ಕ್ಲೋನಿಂಗನ್ನು ವಸಾಹತಿನಿಂದ ಹೊರಗಿಡಬೇಕು ಎನ್ನುವವನಲ್ಲ ನಾನು. ಅದರ ಸರಿಯಾದ ಉಪಯೋಗ ತಿರುಗಾಮುರುಗಾ. ಅಮೆರಿಕದ ಕರಿಗಾಲಿನ ಫೆರೆಟ್ ಎಂಬ ಪ್ರಾಣಿ ಅಳಿವಿನಂಚಿಗೆ ಹೋಗಿ, ಈಗ ಉಳಿದಿರುವುದೆಲ್ಲ ಏಳು ಪ್ರಾಣಿಗಳ ಸಂತತಿ. ಸಂತತಿ ಉಳಿಸದೆ ಸತ್ತಿದ್ದ ವಿಲ್ಲಾ ಎಂಬ ಹೆಣ್ಣಿನ ಕೋಶಗಳನ್ನು 1988ರಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. 2020ರ ಡಿಸೆಂಬರಿನಲ್ಲಿ ಆ ಕೋಶದಿಂದ ಎಲಿಜಬೆತ್ ಆ್ಯನ್ ಹುಟ್ಟಿದಳು. ಅದೇ ಕೋಶಗಳ ಇನ್ನೊಂದು ಕ್ಲೋನ್ ಆಂಟೋನಿಯಾ 2024ರಲ್ಲಿ ಮರಿ ಹಾಕಿತು. ಅಲ್ಲಿ ಕ್ಲೋನಿಂಗ್ ಮಾಡಿದ ಕೆಲಸ ಒಂದನ್ನು ನೂರು ಮಾಡಿದ್ದಲ್ಲ. ಕಳೆದುಹೋಗಿದ್ದ ಎಂಟನೆಯ ಬೇರನ್ನು ಮರಳಿ ತಂದದ್ದು.

ವಸಾಹತಿಗೂ ಇದೇ ಬೇಕು. ಕಳಿಸುವುದು ಸಾಧ್ಯವಾದಷ್ಟು ಬೇರೆ ಬೇರೆಯಾದ ಜನರನ್ನು. ಜೊತೆಗೆ ಹೋಗಬೇಕಾದದ್ದು ಹೋಗಲಾಗದವರ ಕೋಶಗಳು. ತೋಳಿನ ಚರ್ಮದಿಂದ 3-4 ಮಿಲಿಮೀಟರಿನ ತುಣುಕು ತೆಗೆದು, ಕಲ್ಚರ್ ಮಾಡಿ, ಹರಳು ಕಟ್ಟದಂತೆ ಕಾಯುವ ಡಿಎಂಎಸ್‌ಒ ದ್ರವವನ್ನು ಶೇ 10 ಸೇರಿಸಿ ನಿಮಿಷಕ್ಕೆ ಒಂದು ಡಿಗ್ರಿಯಂತೆ ತಂಪು ಮಾಡಿ, ಕೊನೆಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಸಬೇಕು. ಅವಸರ ಮಾಡಿದರೆ ಕೋಶದೊಳಗೆ ಮಂಜಿನ ಹರಳು ಕಟ್ಟಿ ಪೊರೆ ಹರಿಯುತ್ತದೆ. ಹತ್ತು ಸಾವಿರ ಜನರದು, ತಲಾ ಐದು ಸೀಸೆ, ಸೀಸೆಗೆ 2 ಮಿಲಿಲೀಟರ್ ಎಂದರೂ ಒಟ್ಟು ನೂರು ಲೀಟರ್. ಸೀಸೆ, ಚೌಕಟ್ಟು, ಟ್ಯಾಂಕಿನ ಜಾಗ ಸೇರಿಸಿದರೂ ಹತ್ತು ಸಾವಿರ ಜನರನ್ನು ಒಯ್ಯುವುದಕ್ಕೆ ಹೋಲಿಸಿದರೆ ಏನೂ ಅಲ್ಲ. ವೀರ್ಯವನ್ನು ಒಣಗಿಸಿಯೂ ಒಯ್ಯಬಹುದು. ಬಾಹ್ಯಾಕಾಶ ನಿಲ್ದಾಣದಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಇಟ್ಟಿದ್ದ ಇಲಿಯ ಒಣ ವೀರ್ಯದಿಂದ ಆರೋಗ್ಯವಂತ ಮರಿಗಳು ಹುಟ್ಟಿದ್ದು 2021ರಲ್ಲಿ ವರದಿಯಾಗಿದೆ.

ಪೆಟ್ಟಿಗೆ ಇಡುವ ಜಾಗದಲ್ಲಿ ಎಚ್ಚರ ತಪ್ಪಬಾರದು. ಮಂಗಳನ ಮೇಲ್ಮೈಯಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ ಅಳೆದ ವಿಕಿರಣ ದಿನಕ್ಕೆ ಸುಮಾರು 0.67 ಮಿಲಿಸೀವರ್ಟ್, ವರ್ಷಕ್ಕೆ 245ರ ಹತ್ತಿರ. ಭೂಮಿಯಲ್ಲಿ ಸಹಜ ಹಿನ್ನೆಲೆ ಸರಾಸರಿ 2.4. ಜೀವಂತ ಕೋಶ ತನ್ನ ಡಿಎನ್‌ಎಯ ಬಿರುಕನ್ನು ದಿನವೂ ಹೊಲಿದುಕೊಳ್ಳುತ್ತದೆ, ಹೆಪ್ಪುಗಟ್ಟಿದ ಕೋಶಕ್ಕೆ ಆ ಶಕ್ತಿ ಇಲ್ಲ. ಇಪ್ಪತ್ತು ವರ್ಷದಲ್ಲಿ ಸೇರಿಕೊಳ್ಳುವ ಸುಮಾರು 5 ಸೀವರ್ಟ್‌ನ ಪೆಟ್ಟನ್ನೆಲ್ಲ ಕರಗಿಸಿದ ದಿನ ಒಟ್ಟಿಗೆ ಎದುರಿಸಬೇಕು. ಹಾಗಾಗಿ ಜನ ಮಲಗುವ ಕೋಣೆಗಿಂತ ಆಳದಲ್ಲಿ, ಕೆಲವು ಮೀಟರ್ ಮಣ್ಣಿನ ಕೆಳಗೆ ಈ ಪೆಟ್ಟಿಗೆ ಇರಬೇಕು. ಎರಡು ಜಾಗದಲ್ಲಿ ಎರಡು ಪ್ರತಿ ಇರಬೇಕು, ಯಾಕೆಂದರೆ ಟ್ಯಾಂಕಿನ ನಿರ್ವಾತದ ಗೋಡೆ ಸೋರಿ ಸಾರಜನಕ ಆವಿಯಾಗಿ ಎಲ್ಲವೂ ಕರಗಿಹೋಗುವ ಅಪಘಾತ ಭೂಮಿಯಲ್ಲೇ ಆಗುತ್ತದೆ.

ಸೀಸೆಯ ಜೊತೆಗೆ ಹೋಗುವ ಒಪ್ಪಿಗೆ ಪತ್ರವನ್ನು ಇಂದಿನ ಆಸ್ಪತ್ರೆಯ ನಮೂನೆಯಲ್ಲಿ ಬರೆಯಲಾಗದು. ಕೋಶ ಕೊಡುವವರು ತಮ್ಮ ಬಗ್ಗೆ ಮಾತ್ರ ಒಪ್ಪಿಗೆ ಕೊಡಬಲ್ಲರು, ಹುಟ್ಟುವ ಮಗುವಿನ ಪರವಾಗಿ ಅಲ್ಲ. ಆದ್ದರಿಂದ ಪತ್ರದಲ್ಲಿ ಕೆಲವು ಷರತ್ತು ಮೊದಲೇ ಇರಬೇಕು ಅಂತ ನನಗನ್ನಿಸುತ್ತದೆ. ಒಂದು ಸೀಸೆಯಿಂದ ಒಂದೇ ಮಗು. ಮಗುವನ್ನು ಸಾಕಲು ಮುಂದೆ ಬಂದವರು ಇದ್ದರೆ ಮಾತ್ರ ಸೀಸೆ ತೆರೆಯುವುದು, ಕೆಲಸಕ್ಕೆ ಆಳು ಬೇಕೆಂದು ಅಲ್ಲ. ಕೊಟ್ಟವರ ಹೆಸರು ಮಗುವಿಗೆ ಇಡಕೂಡದು. ಕೊಟ್ಟವರ ಉದ್ಯೋಗ, ಅಂಕಪಟ್ಟಿ, ಭಾವಚಿತ್ರ ಪೆಟ್ಟಿಗೆಯೊಳಗೆ ಹೋಗಕೂಡದು. ವೈದ್ಯಕೀಯ ಫೈಲಿನಲ್ಲಿ ಔಷಧಿಯ ಅಲರ್ಜಿ, ರಕ್ತದ ಗುಂಪು, ಅರಿವಳಿಕೆಗೆ ಆದ ಪ್ರತಿಕ್ರಿಯೆ ಇರುವ ಮೊದಲ ಹಾಳೆ ಹುಟ್ಟಿದ ದಿನದಿಂದಲೇ ವೈದ್ಯರ ಕೈಗೆ ಸಿಗಬೇಕು. ಉಳಿದ ಹಾಳೆಗಳು ಮಗುವಿಗೆ ಹದಿನೆಂಟು ತುಂಬಿ, ತಾನಾಗಿ ಕೇಳಿದ ಮೇಲೆ ತೆರೆಯಬೇಕು. ಕೇಳದಿದ್ದರೆ ಮುಚ್ಚಿಯೇ ಇರಬೇಕು.